ಸಭೆಯ ಹಿರಿಯರು

ನಮ್ಮ ತುಮಕೂರು ಜಿಲ್ಲೆಯ ಪಟ್ಟಣಗಳಲ್ಲಿರುವ ದಕ್ಷಿಣ ಭಾರತ ಸಭೆಯ ದೇವಾಲಯಗಳ ಗುರುಗಳನ್ನು ಜನ ‘ಅಯ್ಯನವರು’ ಎಂದೋ ‘ಪಾದ್ರಿಗಳು’ ಎಂದೋ ಕರೆಯುತ್ತಾರೆ. ಸಭೆಯವರು ಇನ್ನೂ ಆತ್ಮೀಯವಾಗಿ ‘ಸಭಾಪಾಲಕರು’ ಎನ್ನುವುದುಂಟು. ಆದರೆ ಆ ಸಭೆಯ ನಿಬಂಧನೆಗಳಲ್ಲಿ ಅವರಿಗಿರುವ ಹೆಸರು ಬೇರೆ. ಅಲ್ಲಿ ಅವರು ‘ಪ್ರೆಸ್ಬಿಟರ್’. ಈ ಶಬ್ದ ಗ್ರೀಕ್ ಭಾಷೆಯದು. ಅದರ ಅರ್ಥ ಪೂಜಾರಿ ಎಂದಲ್ಲ, ಗುರು ಎಂದೂ ಅಲ್ಲ, ‘ಹಿರಿಯ’ ಎಂದಷ್ಟೆ. ಕನ್ನಡ ಸತ್ಯವೇದವು ಈ ಶಬ್ದಕ್ಕೆ ‘ಸಭೆಯ ಹಿರಿಯರು’ ಎಂಬ ಸೊಗಸಾದ ಮಾತನ್ನು ಬಳಸಿದೆ. ಪ್ರೆಸ್ಬಿಟೇರಿಯನ್ ಸಭೆಯೆಂದರೆ ಹಿರಿಯರ ಸಭೆ. ಈ ಒಂದು ಮಾತಿನ ಹಿಂದೆ ನಾಲ್ಕೂವರೆ ಶತಮಾನಗಳ ಜಗಳ, ತ್ಯಾಗ, ಚಿಂತನೆಗಳಿವೆ. ಆ ಮಾತನ್ನು ಹಿಡಿದುಕೊಂಡು, ಅಂತಹ ಸಭೆಯ ವಾರದ ಆರಾಧನೆ, ಪಾಠ, ಸಮುದಾಯ ಜೀವನಗಳು ಹೇಗೆ ನಡೆಯುತ್ತವೆ, ಅವುಗಳ ಒಳಗಿನ ತತ್ತ್ವವೇನು ಎಂಬುದನ್ನು ವಿವರಿಸುವುದು ನನ್ನ ಈ ಭಾಷಣದ ಉದ್ದೇಶ.

ನಾನು ಕ್ರೈಸ್ತನಲ್ಲ, ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯ ಕಡೆಯವನು. ಇಂದಿನ ತಿಪಟೂರು ತಾಲ್ಲೂಕಿಗೆ ಹಿಂದೆ ಹೊನ್ನವಳ್ಳಿ ತಾಲ್ಲೂಕೆಂದೇ ಹೆಸರಿತ್ತು. ಎಳನೀರಿಗೆ ಹೆಸರಾದ ಗಂಗಾಪಾಣಿ ಎಂಬ ತೆಂಗಿನ ಜಾತಿ ಅಲ್ಲಿಯದೆಂದು ಹಳೆಯ ಮೈಸೂರು ಗೆಜೆಟಿಯರ್ ಕೂಡ ದಾಖಲಿಸಿದೆ. ‘ಹಿರಿಯರು’ ಎಂಬ ಮಾತು ನಮ್ಮ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಕೆರೆಯ ತೂಬೆತ್ತಬೇಕೆಂದರೆ ಹಿರಿಯರು. ಜಾತ್ರೆಗೆ ದಿನ ಗೊತ್ತುಮಾಡಬೇಕೆಂದರೆ ಹಿರಿಯರು. ಅಣ್ಣತಮ್ಮಂದಿರು ತೋಟ ಪಾಲುಮಾಡಿಕೊಳ್ಳುವಾಗ ಸಾಲುಮರ ಎಣಿಸಿ ಕಲ್ಲು ನೆಡಿಸುವವರೂ ಹಿರಿಯರೇ. ಆದರೆ ಈ ಹಿರಿತನ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಗೌಡನ ಮಗ ಗೌಡ, ಶಾನುಭೋಗನ ಮಗ ಶಾನುಭೋಗ, ತಳವಾರನ ಮಗ ತಳವಾರ. ಕಟ್ಟೆಯ ಮೇಲೆ ಕೂರುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂಬುದು ಮಗು ತೊಟ್ಟಿಲಲ್ಲಿರುವಾಗಲೇ ನಿಶ್ಚಿತವಾಗಿರುತ್ತಿತ್ತು. ಹುಟ್ಟಿನಿಂದಲ್ಲದೆ ಆಯ್ಕೆಯಿಂದ ಹಿರಿಯನಾಗಬಹುದೇ? ಹಾಗೆ ಆದವನು, ಆರಿಸಿದವರಿಗೆ ಉತ್ತರ ಹೇಳಬೇಕಾಗುತ್ತದೆಯೇ? ಪ್ರೆಸ್ಬಿಟೇರಿಯನ್ ಸಭೆಯ ಇತಿಹಾಸವು ಈ ಎರಡು ಪ್ರಶ್ನೆಗಳ ಇತಿಹಾಸ. ಆದುದರಿಂದಲೇ ಅದು ಕ್ರೈಸ್ತರಲ್ಲದ ನಮಗೂ ಸಂಬಂಧಿಸಿದ್ದೆಂದು ನಾನು ಭಾವಿಸುತ್ತೇನೆ.

1541ರಲ್ಲಿ ಜಿನೀವಾ ನಗರದ ಸಭೆಗಾಗಿ ಜಾನ್ ಕ್ಯಾಲ್ವಿನ್ ರೂಪಿಸಿದ ಕಟ್ಟಳೆಗಳಲ್ಲಿ ನಾಲ್ಕು ಬಗೆಯ ಸೇವಕರನ್ನು ಹೇಳಿದೆ: ಉಪದೇಶ ಮಾಡುವ ಪಾಲಕರು, ಪಾಠ ಹೇಳುವ ಬೋಧಕರು, ಸಭೆಯ ನಡೆನುಡಿಗಳನ್ನು ನೋಡಿಕೊಳ್ಳುವ ಹಿರಿಯರು, ಬಡವರ ಮತ್ತು ರೋಗಿಗಳ ಆರೈಕೆಯ ಹೊಣೆ ಹೊತ್ತ ಪರಿಚಾರಕರು. ಇವರಲ್ಲಿ ಹಿರಿಯರು ಪಾದ್ರಿಗಳಲ್ಲ. ತಮ್ಮ ತಮ್ಮ ಕಸಬು ಮಾಡಿಕೊಂಡಿರುವ ಸಂಸಾರಿಗಳು. ಜಾನ್ ನಾಕ್ಸ್ ಈ ವಿಚಾರವನ್ನು ಸ್ಕಾಟ್ಲೆಂಡಿಗೆ ಒಯ್ದನು. 1560ರಲ್ಲಿ ಆ ದೇಶ ಮತಸುಧಾರಣೆಯನ್ನು ಒಪ್ಪಿಕೊಂಡ ಮೇಲೆ ಅಲ್ಲಿ ಕ್ರಮೇಣ ಒಂದು ಏಣಿಯಂತಹ ವ್ಯವಸ್ಥೆ ಬೆಳೆಯಿತು. ಪ್ರತಿಯೊಂದು ಊರಿನಲ್ಲಿಯೂ ಪಾದ್ರಿ ಮತ್ತು ಹಿರಿಯರು ಕೂಡಿದ ಒಂದು ಮಂಡಲಿ; ಹಲವು ಊರುಗಳಿಗೆ ಒಂದು ಪ್ರೆಸ್ಬಿಟರಿ; ಅದರ ಮೇಲೆ ಸಿನೊಡ್; ಎಲ್ಲಕ್ಕೂ ಮೇಲೆ ಇಡೀ ದೇಶದ ಮಹಾಸಭೆ. ಈ ಏಣಿಯ ಯಾವ ಮೆಟ್ಟಿಲಿನಲ್ಲಿಯೂ ಒಬ್ಬನೇ ಮನುಷ್ಯ ಕುಳಿತಿಲ್ಲವೆಂಬುದನ್ನು ಗಮನಿಸಬೇಕು. ಎಲ್ಲೆಡೆಯೂ ಕೂಟವೇ. ಬಿಷಪ್ಪನಿಲ್ಲದ ಸಭೆಯೆಂದು ಅದನ್ನು ಕರೆದದ್ದು ಈ ಕಾರಣಕ್ಕಾಗಿ.

ಆದರೂ ಒಂದು ಬಿರುಕು ಉಳಿದಿತ್ತು. ಊರಿನ ದೇವಾಲಯಕ್ಕೆ ಪಾದ್ರಿಯನ್ನು ನೇಮಿಸುವ ಹಕ್ಕನ್ನು ಕಾಯಿದೆಯು ಅಲ್ಲಿನ ಜಮೀನುದಾರನಿಗೆ ಕೊಟ್ಟಿತ್ತು. ಜನಕ್ಕೆ ಬೇಡವಾದವನನ್ನೂ ಧಣಿ ತಂದು ಕೂರಿಸಬಹುದಾಗಿತ್ತು. ಹತ್ತು ವರ್ಷಗಳ ಹೋರಾಟದ ಕೊನೆಗೆ, 1843ರ ಮೇ 18ರಂದು, ಎಡಿನ್‌ಬರೊ ನಗರದಲ್ಲಿ ಸೇರಿದ್ದ ಮಹಾಸಭೆಯಿಂದ ಒಂದು ದೊಡ್ಡ ಗುಂಪು ಎದ್ದು ಹೊರನಡೆಯಿತು. ಥಾಮಸ್ ಚಾಮರ್ಸ್ ಎಂಬ ವಿದ್ವಾಂಸರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡು ಅವರು ಸ್ವತಂತ್ರ ಸಭೆಯನ್ನು ಕಟ್ಟಿದರು. 450ಕ್ಕೂ ಹೆಚ್ಚು ಪಾದ್ರಿಗಳು ತಮ್ಮ ಸಂಬಳವನ್ನೂ ವಾಸದ ಮನೆಗಳನ್ನೂ ಬಿಟ್ಟು ಬಂದರು. ಕೆಲವೆಡೆ ಜಮೀನುದಾರರು ಹೊಸ ಸಭೆಗೆ ಅಂಗೈಯಗಲ ನೆಲವನ್ನೂ ಕೊಡಲೊಪ್ಪಲಿಲ್ಲವಾಗಿ, ಜನ ಬಯಲಿನಲ್ಲಿ, ಕಡಲತೀರದಲ್ಲಿ ನಿಂತು ಆರಾಧನೆ ಮಾಡಿದರು. ಭಾರತದಲ್ಲಿದ್ದ ಸ್ಕಾಟಿಷ್ ಮಿಷನರಿಗಳೂ ಈ ಪಕ್ಷವನ್ನೇ ಹಿಡಿದರು. ಕಲ್ಕತ್ತೆಯ ಅಲೆಕ್ಸಾಂಡರ್ ಡಫ್ ತಾವು ಕಟ್ಟಿ ಬೆಳೆಸಿದ ಕಾಲೇಜಿನ ಕಟ್ಟಡವನ್ನು ಬಿಟ್ಟುಕೊಟ್ಟು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ತನಗೆ ಬುದ್ಧಿ ಹೇಳುವವನನ್ನು ತಾನೇ ಆರಿಸಿಕೊಳ್ಳುವ ಹಕ್ಕು ಸಾಮಾನ್ಯನಿಗೆ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪರೂಪ.

ಕನ್ನಡ ನಾಡಿಗೆ ಈ ಪರಂಪರೆ ನೇರವಾಗಿ ಬಂದದ್ದು ಕಡಿಮೆ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿರುವ, 1866ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ದೇವಾಲಯ ಮೊದಲು ಸ್ಕಾಟ್ಲೆಂಡಿನ ಸಭೆಯದಾಗಿತ್ತು. ಆದರೆ ಅದು ದಂಡಿನ ಸ್ಕಾಟರಿಗಾಗಿ ಕಟ್ಟಿದ್ದು. ಕನ್ನಡಿಗರ ನಡುವೆ ಇದಕ್ಕೆ ಹತ್ತಿರದ ಬಂಧುವೆಂದರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. ಮೋಗ್ಲಿಂಗ್, ಕಿಟೆಲ್ ಮೊದಲಾದವರ ಹೆಸರುಗಳನ್ನು ಸಾಹಿತ್ಯಾಸಕ್ತರಿಗೆ ಪರಿಚಯಿಸಬೇಕಾಗಿಲ್ಲ. ಇದೇ ಬಾಸೆಲ್ ಮಿಷನ್ ಆಫ್ರಿಕದ ಘಾನಾದಲ್ಲಿ ಕಟ್ಟಿದ ಸಭೆ ಇಂದು ಘಾನಾದ ಪ್ರೆಸ್ಬಿಟೇರಿಯನ್ ಸಭೆಯೆಂದೇ ಹೆಸರಾಗಿದೆ. ನಮ್ಮ ತೆಂಗಿನ ಸೀಮೆಗೆ ಬಂದವರಾದರೋ ವೆಸ್ಲಿಯನ್ ಮೆಥಡಿಸ್ಟರು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಆರಂಭಿಸಿದರು. ಬಳಿಕ ಅಲ್ಲಿಗೆ ಬಂದ ವಿಲಿಯಂ ಆರ್ಥರ್, 1847ರಲ್ಲಿ ಪ್ರಕಟವಾದ ‘ಎ ಮಿಷನ್ ಟು ದ ಮೈಸೂರ್’ ಎಂಬ ಪುಸ್ತಕದಲ್ಲಿ ತಮ್ಮ ಅನುಭವಗಳನ್ನು ಬರೆದಿದ್ದಾರೆ. ಹಾಡ್ಸನ್ ತಮ್ಮ ಮುಪ್ಪಿನಲ್ಲಿ, 1877ರಲ್ಲಿ, ‘ಓಲ್ಡ್ ಡೇನಿಯಲ್’ ಎಂಬ ಕಿರುಹೊತ್ತಗೆಯನ್ನು ಹೊರತಂದರು. ಅದು ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾದ ಹಳ್ಳಿಗನೊಬ್ಬನ ಚರಿತ್ರೆ. ಜೊತೆಗೆ ಆ ಕಾಲದ ಹಳ್ಳಿಯ ಬಾಳಿನ ವರ್ಣನೆ. ನಾಟಕದ ಕಂಪನಿಯಿಂದ ಗುಬ್ಬಿ ಪ್ರಸಿದ್ಧವಾಗುವುದಕ್ಕೆ ಎಷ್ಟೋ ಮುಂಚೆಯೇ ಅದರ ಹೆಸರು ಹೀಗೆ ಇಂಗ್ಲೆಂಡಿನ ಮುದ್ರಣಾಲಯಗಳನ್ನು ತಲುಪಿತ್ತು.

ಈ ಬೇರೆ ಬೇರೆ ಹೊಳೆಗಳು ಕೂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1908ರಲ್ಲಿ ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್ ಪಂಥದವರೂ ಸೇರಿ ಒಂದು ಸಭೆಯಾದರು. ದೇಶ ಸ್ವತಂತ್ರವಾದ ಆರು ವಾರಗಳಲ್ಲಿ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನರೂ ಮೆಥಡಿಸ್ಟರೂ ಇವರೊಡನೆ ಬೆರೆತು ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಆಂಗ್ಲಿಕನರ ಬಿಷಪ್ ಉಳಿದರು. ಪ್ರೆಸ್ಬಿಟೇರಿಯನ್ನರ ಕೂಟಗಳ ಏಣಿ ಉಳಿಯಿತು. ಪಾದ್ರಿಗೆ ‘ಹಿರಿಯ’ ಎಂಬ ಹೆಸರು ಬಂದಿತು. ಬಿಷಪ್ಪರನ್ನು ಬೇಡವೆಂದ ಸ್ಕಾಟ್ಲೆಂಡ್ ಸಭೆಯ ಲೆಸ್ಲಿ ನ್ಯೂಬಿಗಿನ್ ಅಂದು ಮಧುರೆ–ರಾಮನಾಡು ಪ್ರಾಂತಕ್ಕೆ ಬಿಷಪ್ಪರಾದರು. ಮೈಸೂರು ಪ್ರಾಂತದ ಮೊದಲ ಬಿಷಪ್ ಪಿ. ಗುರುಶಾಂತರು. ಮುನ್ನೂರು ವರ್ಷ ಕಾದಾಡಿದ ಪಕ್ಷಗಳು ಒಂದೇ ಮನೆಯಲ್ಲಿ ಬಾಳಲೊಪ್ಪಿದ ಈ ಘಟನೆ ಕ್ರೈಸ್ತ ಜಗತ್ತಿನಲ್ಲಿ ಆಗ ಬೆರಗನ್ನು ಹುಟ್ಟಿಸಿತು.

ಇನ್ನು ಭಾನುವಾರದ ಆರಾಧನೆಯ ವಿಚಾರ. ನಮ್ಮ ಜಿಲ್ಲೆಯ ಪಟ್ಟಣವೊಂದರಲ್ಲಿ ಸ್ನೇಹಿತರ ಜೊತೆಗೆ ಹಲವು ಸಲ ಹಿಂದಿನ ಬೆಂಚಿನಲ್ಲಿ ಕುಳಿತು ಅದನ್ನು ನೋಡಿದ್ದೇನೆ. ಗಂಟೆ ಬಾರಿಸುತ್ತದೆ, ಪೀಠಿಕೆಯ ಗೀತೆ, ಎಲ್ಲರೂ ಕೂಡಿ ಹೇಳುವ ಪಾಪನಿವೇದನೆ, ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆಗಳಿಂದ ಪಾಠ, ಪ್ರಸಂಗ, ವಿಶ್ವಾಸಪ್ರಮಾಣ, ನಾಡಿಗಾಗಿ, ರೋಗಿಗಳಿಗಾಗಿ, ದುಃಖದಲ್ಲಿರುವವರಿಗಾಗಿ ಬಿನ್ನಹ, ಕಾಣಿಕೆ, ಆಶೀರ್ವಾದ. ಇದರಲ್ಲಿ ನನ್ನ ಮನಸ್ಸನ್ನು ಸೆಳೆದ ಸಂಗತಿಯೆಂದರೆ ಪಾಠವನ್ನು ಓದುವವರು ಅನೇಕ ವೇಳೆ ಪಾದ್ರಿಗಳಲ್ಲವೆಂಬುದು. ಒಂದು ವಾರ ಅಂಚೆಯ ನೌಕರ, ಇನ್ನೊಂದು ವಾರ ಹೈಸ್ಕೂಲಿನ ಹುಡುಗಿ, ಮತ್ತೊಂದು ವಾರ ಆಸ್ಪತ್ರೆಯ ದಾದಿ. ಗ್ರಂಥವನ್ನು ಮುಟ್ಟುವ, ಗಟ್ಟಿಯಾಗಿ ಓದುವ ಅಧಿಕಾರ ಎಲ್ಲರದೂ ಹೌದು ಎಂಬ ಭಾವನೆ ಆ ನಿಲುವಿನಲ್ಲಿಯೇ ಇದೆ. ಅದಕ್ಕೆ ಪುಸ್ತಕ ಜನರ ಮಾತಿನಲ್ಲಿರಬೇಕು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ವರ್ಷಗಟ್ಟಲೆ ಕುಳಿತು ಸತ್ಯವೇದವನ್ನು ಕನ್ನಡಕ್ಕೆ ತಂದದ್ದರ ಫಲವನ್ನು ಇಂದಿಗೂ ಆ ಬೆಂಚುಗಳಲ್ಲಿ ಕಾಣಬಹುದು.

ಗೀತೆಗಳ ಕಥೆ ಸ್ವಾರಸ್ಯವಾದದ್ದು. ಸ್ಕಾಟ್ಲೆಂಡಿನ ಹಳೆಯ ಸಭೆಗಳಲ್ಲಿ ವಾದ್ಯಗಳಿರಲಿಲ್ಲ. ದಾವೀದನ ಕೀರ್ತನೆಗಳನ್ನು ಬಿಟ್ಟರೆ ಬೇರೆ ಹಾಡೂ ಅಪರೂಪ. ಪುಸ್ತಕ ಕೊಳ್ಳಲಾರದ, ಓದಲು ಬಾರದ ಜನಕ್ಕಾಗಿ ಒಬ್ಬನು ಮುಂದೆ ನಿಂತು ಒಂದು ಸಾಲನ್ನು ಹೇಳುವನು, ಸಭೆ ಅದನ್ನು ಹಾಡುವುದು. ನಮ್ಮ ಭಜನೆಯ ಮನೆಗಳನ್ನು ಕಂಡವರಿಗೆ ಈ ಪದ್ಧತಿಯನ್ನು ವಿವರಿಸಬೇಕಾದದ್ದೇ ಇಲ್ಲ. ಕನ್ನಡಕ್ಕೆ ಬಂದಾಗ ತೊಡಕು ಬೇರೆಯಾಯಿತು. ಪಾಶ್ಚಾತ್ಯ ಧಾಟಿಗಳು ಒತ್ತಿನ ಮೇಲೆ ನಡೆಯುತ್ತವೆ. ನಮ್ಮ ಭಾಷೆ ಮಾತ್ರೆಯ ಮೇಲೆ ನಡೆಯುತ್ತದೆ. ಅವರ ಧಾಟಿಗೆ ನಮ್ಮ ಪದಗಳನ್ನು ಕೂರಿಸಿದಾಗ ಗಿಡ್ಡ ಸ್ವರದ ಕೆಳಗೆ ದೀರ್ಘಾಕ್ಷರ, ಉದ್ದ ಸ್ವರದ ಕೆಳಗೆ ಹ್ರಸ್ವಾಕ್ಷರ ಸಿಕ್ಕಿಕೊಂಡು ಕಿವಿಗೆ ಚುಚ್ಚುತ್ತದೆ. ಇದನ್ನು ಅರಿತ ಕಿಟೆಲ್ 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ನಮ್ಮದೇ ಛಂದಸ್ಸಿನಲ್ಲಿ ಹೇಳಿದರು. ಇಂದಿನ ಸಭೆಗಳಲ್ಲಿ ಎರಡು ಬಗೆಯೂ ಇವೆ: ಹಾರ್ಮೋನಿಯಂ, ತಬಲಗಳೊಡನೆ ನಡೆಯುವ ರಾಗಬದ್ಧ ಗೀತೆಗಳು ಒಂದು ಕಡೆ, ನಾಲ್ಕು ಸಾಲಿನ ಪಾಶ್ಚಾತ್ಯ ಧಾಟಿಗಳು ಇನ್ನೊಂದು ಕಡೆ. ಹಾಡುವವರು ಮಾತ್ರ ಗಾಯಕರಲ್ಲ, ಸಭೆಯೇ. ಕೇಳುವ ಸಂಗೀತಕ್ಕೆ ಒಗ್ಗಿದ ನಮಗೆ, ಶ್ರುತಿ ಸೇರದ ಮುದುಕನ ದನಿಗೂ ಅಲ್ಲಿ ಪಾಲುಂಟೆಂಬುದು ಮೊದಲು ವಿಚಿತ್ರವಾಗಿ ತೋರಿ, ಆಮೇಲೆ ಹಿತವಾಗುತ್ತದೆ.

ಆರಾಧನೆಯ ನಡುವೆ ಪ್ರಕಟಣೆಗಳೆಂಬ ಒಂದು ಭಾಗವಿದೆ. ಹೊರಗಿನವನಿಗೆ ಅದು ಬೇಸರದ ಹೊತ್ತು. ಸಮುದಾಯದ ಜೀವನಾಡಿ ಮಿಡಿಯುವುದು ಅಲ್ಲಿಯೇ. ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರ ಮನೆಯಲ್ಲಿ ಬುಧವಾರದ ಪ್ರಾರ್ಥನಾಕೂಟ, ಮಹಿಳೆಯರ ಅನ್ಯೋನ್ಯ ಕೂಟ ಯಾವ ದಿನ, ಕಳೆದ ವಾರ ಬಂದ ಕಾಣಿಕೆ ಎಷ್ಟು. ಮದುವೆ ನಿಶ್ಚಯವಾಗಿದ್ದರೆ ವಧೂವರರ ಹೆಸರನ್ನು ಮೂರು ಭಾನುವಾರ ಓದಿ, ಆಕ್ಷೇಪಣೆಯಿದ್ದವರು ತಿಳಿಸಬೇಕೆಂದು ಕೇಳುತ್ತಾರೆ. ಮದುವೆ ಎರಡು ಮನೆಗಳ ಗುಟ್ಟಿನ ವ್ಯವಹಾರವಲ್ಲ, ಸಭೆಯ ಸಾಕ್ಷಿಯಲ್ಲಿ ನಡೆಯತಕ್ಕದ್ದು ಎಂಬುದು ಇದರ ತಿರುಳು. ಲೆಕ್ಕವನ್ನು ಎಲ್ಲರೆದುರು ಓದುವ ಅಭ್ಯಾಸವೂ ಹಾಗೆಯೇ. ದೇವರ ಹಣವೆಂಬ ಕಾರಣಕ್ಕೆ ಲೆಕ್ಕ ಕೇಳಬಾರದೆಂದಲ್ಲ. ದೇವರ ಹಣವಾದ್ದರಿಂದಲೇ ಕೇಳಬೇಕು.

ವರ್ಷಕ್ಕೊಮ್ಮೆ ಬರುವ ಬೆಳೆಯ ಹಬ್ಬವಂತೂ ನಮ್ಮ ಸೀಮೆಯವರಿಗೆ ತೀರ ಪರಿಚಿತವೆನಿಸುವಂತಹುದು. ಸಭೆಯವರು ತಂತಮ್ಮ ಬೆಳೆಯ, ದುಡಿಮೆಯ ಒಂದು ಪಾಲನ್ನು ತಂದು ಒಪ್ಪಿಸುತ್ತಾರೆ: ರಾಗಿ, ಅವರೆಕಾಯಿ, ಬಾಳೆಗೊನೆ, ತೆಂಗಿನಕಾಯಿ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿ. ಆರಾಧನೆಯಾದ ಮೇಲೆ ಅವುಗಳ ಹರಾಜು. ತಿಪಟೂರಿನ ಕೊಬ್ಬರಿಯ ಹರಾಜಿನಲ್ಲಿ ಎಲ್ಲರ ಗಮನವೂ ಧಾರಣೆಯ ಮೇಲೆ; ಇಲ್ಲಿ ಧಾರಣೆಯ ಹಂಗಿಲ್ಲ. ಒಂದು ತೆಂಗಿನಕಾಯಿಯನ್ನು ಕೂಗಿಕೊಂಡವನು ಅದನ್ನು ಮತ್ತೆ ಸಭೆಗೇ ಕೊಡುತ್ತಾನೆ, ಮತ್ತೊಬ್ಬನು ಕೂಗುತ್ತಾನೆ. ಒಂದೇ ಕಾಯಿ ನಾಲ್ಕು ಸಲ ಮಾರಾಟವಾಗುವುದುಂಟು. ಈಶಾನ್ಯದ ಮಿಜೋರಾಂ ರಾಜ್ಯದ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಇದಕ್ಕಿಂತಲೂ ಸರಳವಾದ ಕ್ರಮವಿದೆ. ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಮನೆಯಾಕೆ ಒಂದು ಹಿಡಿಯನ್ನು ಸಭೆಗೆಂದು ತೆಗೆದಿಡುತ್ತಾಳೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆರಂಭವಾದ ಈ ಹಿಡಿಯಕ್ಕಿಯಿಂದ ಆ ಸಭೆ ತನ್ನ ಸೇವಾಕಾರ್ಯಗಳ ದೊಡ್ಡದೊಂದು ಭಾಗವನ್ನು ನಡೆಸಿಕೊಂಡು ಬಂದಿದೆ. ಸಿದ್ಧಗಂಗೆಯ ದಾಸೋಹಕ್ಕೆ ಹಳ್ಳಿಗಳಿಂದ ಧಾನ್ಯ ಹೋಗುವುದನ್ನು ಕಂಡಿರುವ ನಮಗೆ ಹಿಡಿಯಕ್ಕಿಯ ಶಕ್ತಿ ಗೊತ್ತಿರುವಂತಹುದೇ.

ಈಗ ಪಾಠಗಳ ವಿಚಾರ. ಭಾನುವಾರದ ಶಾಲೆ ಎಂದೊಡನೆ ನಮಗೆ ಬಣ್ಣದ ಚಿತ್ರಗಳೂ ಮಕ್ಕಳ ಹಾಡೂ ನೆನಪಾಗುತ್ತವೆ. ಅದರ ಮೂಲ ಕಠಿಣವಾದದ್ದು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ರಾಬರ್ಟ್ ರೈಕ್ಸ್ ಎಂಬ ಪತ್ರಿಕೋದ್ಯಮಿ, ವಾರದ ಆರು ದಿನ ದುಡಿಯುವ ಬಡಮಕ್ಕಳಿಗೆ ಏಳನೆಯ ದಿನ ಓದು ಕಲಿಸಲು ಇದನ್ನು ಬೆಳೆಸಿದನು. ಪ್ರೆಸ್ಬಿಟೇರಿಯನ್ನರ ಸಂಪ್ರದಾಯದಲ್ಲಿ ಇದಕ್ಕೂ ಹಿಂದಿನಿಂದ ಪ್ರಶ್ನೋತ್ತರದ ಪಾಠವಿತ್ತು. 1640ರ ದಶಕದಲ್ಲಿ ವೆಸ್ಟ್‌ಮಿನ್ಸ್ಟರಿನಲ್ಲಿ ಸೇರಿದ ವಿದ್ವತ್ಸಭೆ ಸಿದ್ಧಪಡಿಸಿದ ಕಿರು ಪ್ರಶ್ನೋತ್ತರದಲ್ಲಿ 107 ಪ್ರಶ್ನೆಗಳಿವೆ. ಮನುಷ್ಯ ಬಾಳುವುದು ಏತಕ್ಕೆಂಬುದೇ ಮೊದಲನೆಯದು. ಸ್ಕಾಟ್ಲೆಂಡಿನ ಮಕ್ಕಳು ನಮ್ಮ ಮಕ್ಕಳು ಮಗ್ಗಿ ಕಲಿತಂತೆ ಅದನ್ನು ಬಾಯಿಪಾಠ ಮಾಡುತ್ತಿದ್ದರು. ಬಾಯಿಪಾಠವೇ ಜ್ಞಾನವಲ್ಲವೆಂಬುದು ನಿಜ; ಆದರೆ ಹತ್ತು ವರ್ಷದ ಕುರುಬರ ಹುಡುಗನೂ ಇಂತಹ ಪ್ರಶ್ನೆಗೆ ಉತ್ತರ ಹೇಳತಕ್ಕವನೆಂದು ಭಾವಿಸುವ ಸಮಾಜವು ಅವನನ್ನು ಅಲ್ಪನೆಂದು ಎಣಿಸಿಲ್ಲ. ಮಿಜೋರಾಮಿನಲ್ಲಿ ಭಾನುವಾರದ ಶಾಲೆಗೆ ಮಕ್ಕಳಷ್ಟೇ ಅಲ್ಲ, ತಲೆ ನರೆತವರೂ ತರಗತಿಗಳಲ್ಲಿ ಕೂರುತ್ತಾರೆ.

ವೆಸ್ಲಿಯವರ ಪಂಥ ತಂದದ್ದು ಇನ್ನೊಂದು ಬಗೆಯ ‘ಕ್ಲಾಸು’. 1742ರಲ್ಲಿ ಬ್ರಿಸ್ಟಲ್ ನಗರದ ಸಭೆ, ಕಟ್ಟಡದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿಕೊಂಡು, ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ ಸಂಗ್ರಹಿಸಿತು. ಕಾಸು ಕೇಳಲು ಹೋದ ನಾಯಕ ಮನೆಯ ಕಷ್ಟಸುಖವನ್ನೂ ಕೇಳತೊಡಗಿದನು. ಸಾಲ ವಸೂಲಿಯ ಉಪಾಯ ಹೀಗೆ ಒಬ್ಬರನ್ನೊಬ್ಬರು ನೋಡಿಕೊಳ್ಳುವ ವ್ಯವಸ್ಥೆಯಾಯಿತು. ಅವರಲ್ಲಿ ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಕಾಗದದ ಚೀಟಿ ಸಿಕ್ಕುತ್ತಿತ್ತು. ಸ್ಕಾಟ್ಲೆಂಡಿನಲ್ಲಿ ಕರ್ತನ ಭೋಜನದ ಮುನ್ನ ಹಿರಿಯರು ಮನೆಮನೆಗೆ ಹೋಗಿ ಸೀಸದ ಬಿಲ್ಲೆಗಳನ್ನು ಕೊಡುತ್ತಿದ್ದರು. ನೆರೆಯವನೊಡನೆ ಜಗಳವಾಡಿ ರಾಜಿಯಾಗದವನಿಗೆ ಬಿಲ್ಲೆ ಸಿಕ್ಕದಿರಬಹುದಾಗಿತ್ತು. ಇದರಲ್ಲಿ ಇಣುಕಿನೋಟದ ಅಪಾಯವಿತ್ತು, ಕಾಠಿಣ್ಯವಿತ್ತು. ಆದರೂ ಪಕ್ಕದ ಮನೆಯವನ ದ್ವೇಷವನ್ನು ಕಟ್ಟಿಕೊಂಡು ದೇವರೆದುರು ಬರುವುದು ಸಲ್ಲದೆಂಬ ತಿಳಿವೂ ಇತ್ತು.

ಈ ಎಲ್ಲ ವ್ಯವಸ್ಥೆಗೆ ನಮ್ಮ ನೆಲದಲ್ಲಿ ನಿಜವಾದ ಪರೀಕ್ಷೆ ಎದುರಾದದ್ದು ಆ ಭೋಜನದ ಮೇಜಿನಲ್ಲಿಯೇ. ಒಂದೇ ರೊಟ್ಟಿ, ಒಂದೇ ಪಾತ್ರೆ. ಜಾತಿ ಉಳಿಸಿಕೊಂಡು ಕ್ರೈಸ್ತರಾದವರು ಬೇರೆ ಸಾಲು, ಬೇರೆ ಪಾತ್ರೆ ಕೇಳಿದ ಪ್ರಸಂಗಗಳು ದಕ್ಷಿಣದಲ್ಲಿ ನಡೆದಿವೆ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದ ಸಲ್ಲದೆಂದು ಕಟ್ಟುನಿಟ್ಟಾದ ಪತ್ರ ಬರೆಯಬೇಕಾಯಿತು. ಪತ್ರದಿಂದ ಜಾತಿ ಹೋಗುವುದಾಗಿದ್ದರೆ ನಮ್ಮಲ್ಲಿ ಎಂದೋ ಹೋಗಿರುತ್ತಿತ್ತು. ಮದುವೆಯ ಸಂಬಂಧ ಹುಡುಕುವಾಗ ಅದು ಹಿತ್ತಲ ಬಾಗಿಲಿನಿಂದ ಬರುವುದನ್ನು ಕ್ರೈಸ್ತ ಚಿಂತಕರೇ ನೊಂದು ಬರೆದಿದ್ದಾರೆ. ಆದರೆ ವಾರವಾರವೂ ಬೆಂಚು ಒಂದೇ, ಪಾತ್ರೆ ಒಂದೇ ಎಂಬುದು ಸಣ್ಣ ಸಂಗತಿಯಲ್ಲ. 1950ರಲ್ಲಿ ದಕ್ಷಿಣ ಭಾರತ ಸಭೆ ರಚಿಸಿಕೊಂಡ ಭೋಜನಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ವಿಧಿಯಿದೆ. ಕೇರಳದ ಸುರಿಯಾನಿ ಕ್ರೈಸ್ತರಿಂದ ಬಂದದ್ದು. ಪಕ್ಕದವನ ಕೈಯನ್ನು ಮುಟ್ಟದೆ ಅದನ್ನು ದಾಟಿಸುವಂತಿಲ್ಲ. ಮುಟ್ಟುವುದೇ ಪ್ರಶ್ನೆಯಾಗಿದ್ದ ದೇಶದಲ್ಲಿ ಮುಟ್ಟುವುದನ್ನು ವಿಧಿಯನ್ನಾಗಿ ಮಾಡಿದ್ದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಂಗಸರ ವಿಚಾರದಲ್ಲಿ ಹಿರಿಯರ ಸಭೆ ಬಹುಕಾಲ ಹಿಂಜರಿಯಿತು. ಸ್ಕಾಟ್ಲೆಂಡಿನ ಸಭೆ ಮಹಿಳೆಯರನ್ನು ಹಿರಿಯರನ್ನಾಗಿ ಒಪ್ಪಿದ್ದು 1966ರಲ್ಲಿ, ಪಾದ್ರಿಗಳನ್ನಾಗಿ ಒಪ್ಪಿದ್ದು 1968ರಲ್ಲಿ. ದಕ್ಷಿಣ ಭಾರತ ಸಭೆಯಲ್ಲಿ 1976ರಿಂದ ಮಹಿಳೆಯರಿಗೆ ಗುರುದೀಕ್ಷೆ ದೊರೆಯತೊಡಗಿತು, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ಪರಾದರು. ಪರದೇಶದ ಯಾವ ಸಂಘವೂ ಇದನ್ನು ಮಾಡಿಸಲಿಲ್ಲ. ಸಭೆಯ ಕೂಟಗಳೇ ಚರ್ಚಿಸಿ ಮಾಡಿದವು.

ಚುನಾವಣೆಯೆಂದರೆ ಪಕ್ಷವೂ ಬರುತ್ತದೆ. ಕಮಿಟಿಯ ಸ್ಥಾನಕ್ಕಾಗಿ ಗುಂಪುಗಾರಿಕೆ, ಆಸ್ತಿಗಾಗಿ ಕೋರ್ಟು ಕಚೇರಿ, ಇವುಗಳಿಂದ ಈ ಸಭೆಗಳು ಪಾರಾಗಿಲ್ಲ. ಒಬ್ಬನ ಆಳ್ವಿಕೆಯಲ್ಲಿ ತಪ್ಪು ಮುಚ್ಚಿರುತ್ತದೆ, ಹಲವರ ಆಳ್ವಿಕೆಯಲ್ಲಿ ತಪ್ಪು ಬೀದಿಗೆ ಬರುತ್ತದೆ. ಎರಡರಲ್ಲಿ ಯಾವುದು ಮೇಲೆಂದು ನನ್ನನ್ನು ಕೇಳಿದರೆ ಬೀದಿಗೆ ಬರುವುದೇ ಮೇಲೆನ್ನುತ್ತೇನೆ. ಬೀದಿಗೆ ಬಂದದ್ದನ್ನು ತಿದ್ದಬಹುದು.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯಿಗಳನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಅವಸರಪಟ್ಟು ಒಡೆದರೆ ತಿರುಳು ಹಸಿ. ನೀರು ಒಳಗೊಳಗೇ ಇಂಗಬೇಕು, ತಿರುಳು ತಾನೇ ಚಿಪ್ಪನ್ನು ಬಿಡಬೇಕು. ಆಯ್ಕೆಯಿಂದ ಬರುವ ಹಿರಿತನವೂ ಹೀಗೆಯೇ ಹದವಾಗತಕ್ಕದ್ದು. ವಾರಕ್ಕೊಮ್ಮೆ ಒಂದೆಡೆ ಕೂಡುವುದು, ಎದ್ದುನಿಂತು ಓದುವುದು, ಶ್ರುತಿಗೆ ನಿಲ್ಲದಿದ್ದರೂ ದನಿಗೂಡಿಸುವುದು, ಲೆಕ್ಕ ಕೇಳುವುದು, ಮುನಿದವನ ಮನೆಗೆ ಹೋಗುವುದು, ಇಂತಹ ಸಣ್ಣ ಅಭ್ಯಾಸಗಳು ತಲೆಮಾರುಗಳ ಕಾಲ ನಡೆದಾಗ ಸಾಮಾನ್ಯನು ಹಿರಿಯನಾಗುತ್ತಾನೆ. ಮತ ಯಾವುದೇ ಇರಲಿ, ಸಂಘ, ಸೊಸೈಟಿ, ಪಂಚಾಯಿತಿಗಳನ್ನು ಕಟ್ಟಿಕೊಂಡಿರುವ ನಾವು ಆ ಅಭ್ಯಾಸವನ್ನು ಬಿಟ್ಟು ಓಟನ್ನು ಮಾತ್ರ ಉಳಿಸಿಕೊಂಡರೆ, ಕಟ್ಟೆಯ ಮೇಲೆ ಕೂರುವವರು ಮತ್ತೆ ಹಳಬರೇ ಆಗುತ್ತಾರೆ.